ಗುಬ್ಬಿ ಕೈಯ ಅಳತೆ

ಎರಡನೆಯ ಮರದ ತುಂಡಿನ ಬೆನ್ನು ಬಿಟ್ಟುಕೊಳ್ಳಲಿಲ್ಲ. ಮೇಸ್ತ್ರಿ ಅದನ್ನು ಮೇಜಿಗೆ ಕೂರಿಸಿದ ಹಿಡಿಕದಲ್ಲಿ ಇನ್ನೊಂದು ಸುತ್ತು ಬಿಗಿದು, ಸಣ್ಣ ಉಳಿಯ ತುದಿಯನ್ನು ಅಂಟಿನ ಗೆರೆಯೊಳಗೆ ಇಳಿಸಿ, ಅಂಗೈಯಿಂದಲೇ ಗುದ್ದಿದ. ಸುತ್ತಿಗೆ ಎತ್ತಿದರೆ ಸದ್ದು ಹೊರಗೆ ಹೋಗುತ್ತದೆ. ಊಟದ ಹೊತ್ತು. ಕೆಲಸದ ಕೋಣೆಯ ಉಳಿದ ಐವರು ಮೇಲಿನ ಮಹಡಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮೂರನೇ ಗುದ್ದಿಗೆ ಬೆನ್ನಿನ ಹಲಗೆ ಪಟ್ಟನೆ ಕಿತ್ತು ಬಂತು. ಒಳಗೆ, ಅವನೇ ಕೊರೆದ ಗುಳಿಯಲ್ಲಿ, ಅವನೇ ಇಟ್ಟ ಸೀಸದ ಗುಂಡುಗಳು ಸಾಲಾಗಿ ಕೂತಿದ್ದವು. ಕಿಟಕಿಯ ಪರದೆ ಗಾಳಿಗೆ ಹಾರದಿರಲೆಂದು ಅಂಚಿಗೆ ಹೊಲಿಯುತ್ತಾರಲ್ಲ, ಅಂಥವು. ಒಂಬತ್ತು. ಎರಡು ವರ್ಷ ಕತ್ತಲಲ್ಲಿದ್ದು ಮಂಕಾಗಿದ್ದವು. ಅವನ್ನು ಅಂಗೈಗೆ ಸುರಿದುಕೊಂಡು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಮೊದಲನೆಯದರ ಒಂಬತ್ತು ಆಗಲೇ ಅಲ್ಲಿದ್ದವು. ಜೇಬು ಜೋತುಬಿತ್ತು.

“ಮೇಸ್ತ್ರಿ, ಊಟಕ್ಕೆ ಹೋಗ್ಲಿಲ್ವಾ?”

ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವನು ಮರದ ತುಂಡಿನ ಮೇಲೆ ಒರೆಸುವ ಬಟ್ಟೆ ಎಳೆದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇನ್ನೊಂದು ಕೈ ತಾನಾಗಿ ಜೇಬಿನ ಮೇಲೆ ಹೋಗಿ ಕೂತಿತು.

“ಹೊಟ್ಟೆ ಸರಿಯಿಲ್ಲ ಮೇಡಂ.”

“ನಂದೂ ಇಲ್ಲ.” ಅವರು ಒಳಗೆ ಬಂದು ಎತ್ತರದ ಸ್ಟೂಲಿನ ಮೇಲೆ ಕೂತರು. ಕಂಪನಿಯ ಸಣ್ಣ ಫೋನನ್ನು ಮನಸ್ಸಿನಲ್ಲಿ ಮೊದಲು ಕಂಡವರು ಅವರು. ಮರದಲ್ಲಿ ಮೊದಲು ಕಡೆದವನು ಇವನು. ಯಾವ ಫೋನೂ ಕಾರ್ಖಾನೆಗೆ ಹೋಗುವ ಮೊದಲು ಈ ಕೋಣೆಯಲ್ಲಿ ಮರದ ತುಂಡಾಗಿ ಹುಟ್ಟಬೇಕು. ಅದೇ ಉದ್ದ, ಅದೇ ಅಗಲ, ಅದೇ ತೂಕ, ಮೇಲೆ ಪರದೆಯ ಬದಲು ಒಂದು ಬಣ್ಣದ ಚಿತ್ರ. ಜನರ ಕೈಗೆ ಅದನ್ನು ಕೊಟ್ಟು ನೋಡಿದ ಮೇಲೆಯೇ ಮುಂದಿನ ಮಾತು.

“ನಾಳೆ ಹತ್ತು ಗಂಟೆಗೆ ತನಿಖೆ ಸಮಿತಿಯವರು ಬರ್ತಾರೆ. ಆವತ್ತು ಜನಕ್ಕೆ ಕೊಟ್ಟಿದ್ವಲ್ಲ, ಆ ನಾಲ್ಕೂ ತುಂಡು ಬೇಕಂತೆ. ಅಳೀತಾರಂತೆ, ತೂಗ್ತಾರಂತೆ. ಮೂಸಿ ನೋಡ್ತಾರೋ ಏನೋ.”

“ನಾಲ್ಕೂ ಯಾಕೆ ಮೇಡಂ? ಸಣ್ಣದೊಂದು ಸಾಲ್ದಾ?”

“ನಾಲ್ಕೂ. ನೂರಕ್ಕೆ ಎಪ್ಪತ್ತೊಂದು ಜನಕ್ಕೆ ಸಣ್ಣದೇ ಬೇಕು ಅಂತ ಬರೆದುಕೊಟ್ಟೋಳು ನಾನು. ಅಂಗಡಿಗೆ ಬಂದಾಗ ನೂರಕ್ಕೆ ಏಳು ಜನಾನೂ ತಗೊಳ್ಳಲಿಲ್ಲ. ಮಿಕ್ಕೋರು ಎಲ್ಲಿ ಹೋದ್ರು ಅಂತ ನನ್ನ ಕೇಳ್ತಾರೆ. ನನಗೇನು ಗೊತ್ತು, ಜೇಬಲ್ಲಿ ಇಟ್ಕೊಂಡಿದೀನಾ?” ನಕ್ಕರು. ನಗು ಅರ್ಧಕ್ಕೇ ನಿಂತಿತು. “ತುಂಡು ಸರಿಯಾಗಿದ್ರೆ ತಪ್ಪು ಪ್ರಶ್ನೆ ಕೇಳಿದೋಳದ್ದು. ನಿಮ್ಮ ತುಂಡಲ್ಲಿ ತಪ್ಪಿರಲ್ಲ ಬಿಡಿ. ಅಂದ್ರೆ ನಾನೇ ಅಂತಾಯ್ತು.”

ಮೇಸ್ತ್ರಿ ಮೇಜಿನ ಮೇಲಿನ ಮರದ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿ ಗುಡ್ಡೆ ಹಾಕಿದ. ಗುಡ್ಡೆಯನ್ನು ಮತ್ತೆ ಹರಡಿದ. ಈಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕು, ಮಾತು ತಾನಾಗಿ ಉರುಳಿ ಬೀಳುತ್ತಿತ್ತು. ಅವನು ಪುಡಿಯನ್ನು ಮತ್ತೆ ಗುಡ್ಡೆ ಹಾಕಿದ.

“ಹಾಂ, ಇದು.” ಮೇಡಂ ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟರು. “ನಿಮ್ಮಕ್ಕನ ಕೆಲಸದ್ದು. ನನ್ನ ಸಹಿಗೆ ಬೆಲೆ ಇರೋ ಕೊನೇ ದಿನ ಇವತ್ತು ಅನ್ಸುತ್ತೆ, ಅದಕ್ಕೆ ಹಾಕಿಬಿಟ್ಟೆ. ಸೋಮವಾರದಿಂದ ಇಲ್ಲೇ, ನಿಮ್ಮ ಕೋಣೇಲೇ ಬರಲಿ. ಉಜ್ಜಿ ನಯ ಮಾಡೋ ಕೆಲಸ. ಕೆಲಸ ಕಳ್ಕೊಂಡ ನಲವತ್ತು ಜನಾನೂ ತಗೊಳ್ಳೋಕೆ ಆಗಲ್ಲ, ಒಬ್ಬರನ್ನಾದ್ರೂ...”

ಅವರು ಹೋದ ಮೇಲೆ ಮೇಸ್ತ್ರಿ ಬಟ್ಟೆ ಸರಿಸಿದ. ಗುಳಿಗೆ ಹಗುರ ಮರದ ಚಕ್ಕೆ ತುಂಬಿ, ಅಂಟು ಬಳಿದು, ಬೆನ್ನು ಮುಚ್ಚಿದ. ಕೈ ತನ್ನ ಕೆಲಸವನ್ನು ತಾನೇ ಮಾಡಿಕೊಂಡು ಹೋಯಿತು. ಇಷ್ಟು ಚೊಕ್ಕಟವಾಗಿ ಕೆಲಸ ಮಾಡುವ ಕೈಯನ್ನು ಕಂಡು ಅವನಿಗೆ ಹೇಸಿಗೆಯಾಯಿತು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಇಲ್ಲಿರಲಿಲ್ಲ. ಅದು ಅಕ್ಕನ ಮನೆಯಲ್ಲಿತ್ತು.

ನಡೆದದ್ದು ಇಷ್ಟು. ಫೋನುಗಳು ವರ್ಷವರ್ಷಕ್ಕೂ ಬೆರಳಗಲ ಬೆಳೆಯುತ್ತಿದ್ದ ಕಾಲ. ಸಣ್ಣದು ಬೇಕು, ಒಂದೇ ಕೈಯಲ್ಲಿ ಹಿಡಿಯುವಂಥದು ಬೇಕು, ನಮ್ಮನ್ನು ಕೇಳುವವರೇ ಇಲ್ಲ ಎಂದು ಸಾವಿರಾರು ಜನ ಕಂಪನಿಗೆ ಬರೆದಿದ್ದರು. ಬರೆದದ್ದೆಲ್ಲ ದೊಡ್ಡ ಫೋನಿನಲ್ಲೇ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಮೇಡಂ ಆ ಪತ್ರಗಳನ್ನೆಲ್ಲ ಓದಿ, ಒಂದು ತುಂಡು ಮಾಡಿಕೊಡಿ ಮೇಸ್ತ್ರಿ ಎಂದರು. ಅವನಿಗೆ ಆ ಕ್ಷಣವೇ ಅಕ್ಕನ ಕೈ ನೆನಪಾಯಿತು.

ಅಕ್ಕನ ಕೈ ಚಿಕ್ಕದು. ಸುಮ್ಮನೆ ಚಿಕ್ಕದಲ್ಲ, ಎಂಟು ವರ್ಷದ ಹುಡುಗಿಯ ಕೈಯನ್ನು ದೊಡ್ಡ ಹೆಂಗಸಿಗೆ ಜೋಡಿಸಿದಂತೆ. ಶಾಲೆಯಲ್ಲಿ ‘ಗುಬ್ಬಿ’ ಎಂದು ಕರೆದರು. ಮದುವೆಯಾದ ಮೇಲೂ, ಕಾರ್ಖಾನೆಗೆ ಸೇರಿ ದೊಡ್ಡ ಫೋನುಗಳಿಗೆ ಗಾಜು ಕೂರಿಸುವ ಸಾಲಿನಲ್ಲಿ ನಿಂತ ಮೇಲೂ ಗುಬ್ಬಿ ಎಂಬ ಹೆಸರು ಬಿಡಲಿಲ್ಲ. ಅಲ್ಲಿ ಕೊಡುವ ಕೈಗವಸುಗಳ ಬೆರಳ ತುದಿಗಳು ಖಾಲಿ ಜೋಲುತ್ತಿದ್ದವು. ಅವಳು ಅವಕ್ಕೆ ದಾರ ಸುತ್ತಿಕೊಳ್ಳುತ್ತಿದ್ದಳು. ಒಂದು ಭಾನುವಾರ ಅವನು ಅವಳ ಮನೆಗೆ ಹೋಗಿ, ಕಾಗದದ ಮೇಲೆ ಅವಳ ಬಲಗೈ ಇರಿಸಿ, ಸುತ್ತ ಪೆನ್ಸಿಲ್ ಎಳೆದುಕೊಂಡು ಬಂದ. ಹೆಬ್ಬೆರಳಿನ ಬುಡದಿಂದ ತುದಿಗೆ ಎಷ್ಟು, ತುಂಡಿನ ಅಗಲ ಅಷ್ಟು. ಹದಿನಾಲ್ಕು ದಿನ ಉಜ್ಜಿದ. ಜೀವಮಾನದಲ್ಲಿ ಅಷ್ಟು ಒಳ್ಳೆಯ ತುಂಡು ಅವನ ಕೈಯಿಂದ ಬಂದಿರಲಿಲ್ಲ.

ಮೇಡಂ ಅವರ ಕ್ರಮವೇ ಬೇರೆ. ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ನಾಲ್ಕು ತುಂಡುಗಳನ್ನೂ ಸರದಿಯಲ್ಲಿ ಕೈಯಲ್ಲಿ ಹಿಡಿಸಿ, ಇಪ್ಪತ್ತು ನಿಮಿಷ ಅದೂ ಇದೂ ಮಾತಾಡಿಸುತ್ತಿದ್ದರು. ಕೊನೆಯಲ್ಲಿ, ಯಾವುದನ್ನು ಮನೆಗೆ ಒಯ್ಯುತ್ತೀರಿ ಎಂದು ಕೇಳುವುದು. ನಾಲಿಗೆ ಸುಳ್ಳು ಹೇಳುತ್ತೆ, ಮಣಿಕಟ್ಟು ಹೇಳಲ್ಲ ಎನ್ನುತ್ತಿದ್ದರು. ಮೊದಲ ದಿನದ ಹತ್ತು ಜನ ಲೆಕ್ಕಕ್ಕಿಲ್ಲ, ಅಭ್ಯಾಸಕ್ಕೆ. ಮೇಸ್ತ್ರಿ ತಟ್ಟೆಯಲ್ಲಿ ತುಂಡುಗಳನ್ನಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದ. ಹತ್ತರಲ್ಲಿ ಎಂಟು ಜನ ದೊಡ್ಡವನ್ನೇ ಎತ್ತಿಕೊಂಡರು. ಒಬ್ಬ ಮುದುಕ ಸಣ್ಣದನ್ನು ಹಿಂದೆಮುಂದೆ ತಿರುಗಿಸಿ, “ಇದೇನು, ಸವೆದ ಸಾಬೂನಿನ ಚೂರಾ?” ಎಂದ. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕರು.

ಆ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವನು ಮೂರು ದೊಡ್ಡ ತುಂಡುಗಳ ಬೆನ್ನು ಬಿಚ್ಚಿ ಸೀಸ ತುಂಬಿದ. ಹೆಚ್ಚೇನಲ್ಲ, ಒಂದೊಂದಕ್ಕೆ ಒಂದು ಗೊಂಚಲು ಬೀಗದ ಕೈಯಷ್ಟು ತೂಕ. ಎತ್ತಿಕೊಂಡಾಗ ತಿಳಿಯದು, ಐದು ನಿಮಿಷ ಹಿಡಿದರೆ ಮಣಿಕಟ್ಟಿಗೆ ತಿಳಿಯುತ್ತದೆ. ತೂಕದ ಚೀಟಿಗೆ ಸಹಿ ಹಾಕುವವನೂ ಅವನೇ. ಕಳ್ಳನ ಕೈಗೇ ಕೀಲಿ.

ಮುಂದಿನ ನೂರು ಜನ ದೊಡ್ಡದನ್ನು ಮಾತಿನ ನಡುವೆ ತಮಗೆ ಗೊತ್ತಿಲ್ಲದೆ ಮೇಜಿಗಿಳಿಸುತ್ತ ಬಂದರು. ಅಕ್ಕನ ಕೈಗೆ ನ್ಯಾಯ ಸಿಕ್ಕಿತು ಎಂದುಕೊಂಡ. ಆಗ ಅವನಿಗೆ ನಾಚಿಕೆಯಾಗಲಿಲ್ಲ. ಅದನ್ನು ನೆನೆದಾಗೆಲ್ಲ ಈಗ ಹೆಚ್ಚು ನಾಚಿಕೆಯಾಗುವುದು.

ಸಣ್ಣ ಫೋನಿಗೆಂದೇ ಹೊಸ ಸಾಲು ತೆರೆದರು. ಒಳಗಿನ ಭಾಗಗಳೆಲ್ಲ ಪುಟ್ಟವು, ಪುಟ್ಟ ಕೈಯವರು ಬೇಕು ಎಂದು ಇಡೀ ಕಾರ್ಖಾನೆಯಲ್ಲಿ ಕೈ ಅಳೆದು ನಲವತ್ತು ಹೆಂಗಸರನ್ನು ಆರಿಸಿದರು. ಅಕ್ಕ ಸಾಲಿನ ಮೊದಲ ಕುರ್ಚಿಯಲ್ಲಿ ಕೂತಳು. ಇವನು ಕೋಣೆಯ ಹಿರಿಯ ಮೇಸ್ತ್ರಿಯಾದ. ಎಂಟು ತಿಂಗಳಿಗೆ ಅಂಗಡಿಗಳಿಂದ ಪೆಟ್ಟಿಗೆಗಳು ಬಿಚ್ಚದೆಯೇ ವಾಪಸು ಬಂದವು. ಸಾಲು ಮುಚ್ಚಿತು. ಬೀಳ್ಕೊಡುವಾಗ ನಲವತ್ತು ಜನರಿಗೂ ನೆನಪಿಗೆಂದು ಒಂದೊಂದು ಸಣ್ಣ ಫೋನು ಕೊಟ್ಟರು. ಅಕ್ಕ ಮನೆಯಲ್ಲಿ ಹೊಲಿಗೆ ಹಿಡಿದಳು. ಕತ್ತರಿಸುವಾಗ ಬಟ್ಟೆ ಜಾರದಂತೆ ಇಡಲು ಏನಾದರೂ ಭಾರದ್ದಿದ್ದರೆ ಕೊಡೋ ಎಂದಳು. ಈ ತುಂಡುಗಳನ್ನು ಇನ್ನು ಯಾರು ಕೇಳುತ್ತಾರೆ ಎಂದು ಅವನು ಎಲ್ಲಕ್ಕಿಂತ ದೊಡ್ಡದನ್ನು ಒಯ್ದುಕೊಟ್ಟಿದ್ದ. ಕೋಣೆಯಲ್ಲಿ ಅದು ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು.

ಸಂಜೆ ಐದೂವರೆಗೆ ಅವನು ಅಕ್ಕನ ಮನೆಗೆ ಮೂರು ಮಹಡಿ ಹತ್ತಿದ. ಬಾಗಿಲು ತೆರೆದೇ ಇತ್ತು. ಭಾವ ನೆಲದ ಮೇಲೆ ಕಾಲು ಚಾಚಿ, ಬೂಟಿನ ದಾರ ಬಿಚ್ಚುತ್ತಿದ್ದ. ಲಿಫ್ಟ್ ರಿಪೇರಿಯವನು, ದಿನವಿಡೀ ಬಾವಿಯಂಥ ಕತ್ತಲಲ್ಲಿ ಹಗ್ಗ ನೋಡುವ ಕೆಲಸ. ಬೆಳಕಿಗೆ ಬಂದೊಡನೆ ಬಾಯಿ ಸುಮ್ಮನಿರುವುದಿಲ್ಲ.

“ಬಂದ್ರು ನೋಡು ಹಿರಿಯ ಮೇಸ್ತ್ರಿಗಳು! ಯಾಕಪ್ಪಾ ಭಾಮೈದ, ಮುಖ ಎರಡು ಮಹಡಿ ಮಧ್ಯೆ ನಿಂತ ಲಿಫ್ಟ್ ಥರ ಇದೆ?”

“ಏನಿಲ್ಲ ಭಾವ. ಹತ್ತಿ ಸುಸ್ತು.”

“ಈ ಬಿಲ್ಡಿಂಗಿಗೆ ಲಿಫ್ಟ್ ಹಾಕಿಸಿ ಅಂದ್ರೆ ಓನರ್ ಏನಂದ ಗೊತ್ತಾ? ನೀನಿದೀಯಲ್ಲ, ಎತ್ಕೊಂಡು ಹೋಗು ಅಂದ.”

ಅಕ್ಕ ನೆಲಕ್ಕೆ ಹರಡಿದ ನೀಲಿ ಬಟ್ಟೆಯ ಮೇಲೆ ಮೊಣಕಾಲೂರಿ ಕೂತಿದ್ದಳು. ತುಟಿಗಳ ನಡುವೆ ಎರಡು ಗುಂಡುಸೂಜಿ. ಬಟ್ಟೆಯ ಒಂದು ಮೂಲೆಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದು ಮೂಲೆಗೆ ಅವನ ಮರದ ತುಂಡು. ಎದುರಿಗೆ, ಹೊಲಿಗೆಯಂತ್ರಕ್ಕೆ ಒರಗಿಸಿಟ್ಟ ದೊಡ್ಡ ಫೋನಿನಲ್ಲಿ ಯಾವಳೋ ಒಬ್ಬಳು ಕಾಲರ್ ಕೂರಿಸುವುದನ್ನು ತೋರಿಸುತ್ತಿದ್ದಳು. ಅಕ್ಕ ಒಂದು ಸಲ ಅತ್ತ ನೋಡುವಳು, ಒಂದು ಸಲ ಬಟ್ಟೆಗೆ ಸೀಮೆಸುಣ್ಣ ಎಳೆಯುವಳು.

“ಇದು ಯಾವಾಗ ತಗೊಂಡೆ?” ಮೇಸ್ತ್ರಿ ಫೋನು ತೋರಿಸಿ ಕೇಳಿದ.

ಅವಳು ಸೂಜಿಗಳನ್ನು ಬಾಯಿಂದ ತೆಗೆದಳು. “ಇದಾ? ಇದು ಹಳೇದು ಕಣೋ. ನಾಲ್ಕು ವರ್ಷ ಆಯ್ತು. ಎಷ್ಟು ಸಲ ನೋಡಿದೀಯ.”

ಅವನು ನೋಡಿರಲಿಲ್ಲ. ಪೆನ್ಸಿಲ್ ಹಿಡಿದು ಬಂದ ಆ ಭಾನುವಾರವೂ ಅದು ಈ ಕೋಣೆಯಲ್ಲೇ ಎಲ್ಲೋ, ಅವನ ಕಣ್ಣೆದುರೇ ಇದ್ದಿರಬೇಕು.

“ಮತ್ತೆ ಸಣ್ಣದು? ಅವರು ಕೊಟ್ಟಿದ್ದು?”

“ಅದು ನಂದು,” ಎಂದ ಭಾವ, ಅಂಗಿಯ ಜೇಬಿನಿಂದ ಸಣ್ಣ ಫೋನು ತೆಗೆದು, ಅದರ ದೀಪ ಹೊತ್ತಿಸಿ, ಹಲ್ಲುಗಳ ನಡುವೆ ಕಚ್ಚಿಕೊಂಡ. ಎರಡೂ ಕೈಯಿಂದ ಗಾಳಿಯಲ್ಲಿ ನಟ್ಟು ತಿರುಗಿಸಿ ತೋರಿಸಿದ. ಆಮೇಲೆ ಬಾಯಿಂದ ತೆಗೆದು, “ಇಂಥ ಟಾರ್ಚು ಇನ್ನೊಂದಿಲ್ಲ. ಯಾರು ಮಾಡಿದ್ರೋ, ಬಾಯಿಗೆ ಅಳತೆ ತಗೊಂಡು ಮಾಡಿದಾರೆ ಕಣೋ!” ಎಂದು ನಕ್ಕ. ಅಕ್ಕನೂ ನಕ್ಕಳು. ಮೇಸ್ತ್ರಿಯ ಮುಖ ಕಿವಿಯವರೆಗೂ ಬಿಸಿಯಾಯಿತು.

“ಅಕ್ಕಾ, ಆ ತುಂಡು ವಾಪಸ್ ಬೇಕಿತ್ತು.”

“ಯಾವುದು, ಇದಾ?” ಅವಳು ಅದನ್ನು ಎತ್ತಿಕೊಂಡಳು. “ಬೇರೆ ಏನಾದ್ರೂ ತಂದ್ಯಾ? ಇದು ಚೆನ್ನಾಗಿ ಕೂರುತ್ತೆ. ಬಟ್ಟೆ ಉಸಿರೂ ಬಿಡಲ್ಲ.”

“ಬೇರೆ ತಂದ್ಕೊಡ್ತೀನಿ. ಇದು ನಾಳೆ ಆಫೀಸಿಗೆ ಬೇಕು.”

“ಒಂದು ಮಾತು ಕೇಳ್ಬೇಕು ಅಂತಿದ್ದೆ.” ಅಕ್ಕ ಇನ್ನೊಂದು ಕೈಯಲ್ಲಿ ಯಂತ್ರಕ್ಕೆ ಒರಗಿದ್ದ ಫೋನನ್ನೂ ತೆಗೆದುಕೊಂಡಳು. ಎರಡೂ ಕೈ ಮುಂದೆ ಚಾಚಿದಳು. ಆ ಎರಡು ಪುಟ್ಟ ಅಂಗೈಗಳ ಮೇಲೆ ಅವೆರಡೂ ಅಂಚು ದಾಟಿ ನಿಂತಿದ್ದವು. ಮರವಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. “ನಾನು ಆರು ವರ್ಷ ಇವನ್ನು ಜೋಡಿಸ್ದೋಳು. ದಿನಕ್ಕೆ ನಾನ್ನೂರು. ಯಾವ ಫೋನೂ ಇಷ್ಟು ತೂಕ ಇರಲ್ಲ. ಅಳತೇಲಿ ನೀನು ಕೂದಲೆಳೆ ತಪ್ಪೋನಲ್ಲ. ಇದ್ಯಾಕೆ ಹಿಂಗೆ?”

ಭಾವ ಬೂಟು ಪಕ್ಕಕ್ಕಿಟ್ಟು ತಲೆಯೆತ್ತಿದ.

ಸುಳ್ಳು ಸಿದ್ಧವಾಗಿತ್ತು. ಮರ ಹಸಿಯಿತ್ತು, ಅಂಟು ಹೆಚ್ಚಾಯಿತು, ಬೇರೆ ಜಾತಿಯ ಹಲಗೆ. ಮೂರು ಮಹಡಿ ಹತ್ತುವಾಗ ಮಹಡಿಗೊಂದರಂತೆ ಜೋಡಿಸಿಕೊಂಡು ಬಂದಿದ್ದ. ಅವೆಲ್ಲವನ್ನೂ ಬಿಟ್ಟು, ಜೇಬಿಗೆ ಕೈ ಹಾಕಿ ಹಿಡಿಯಷ್ಟು ಸೀಸದ ಗುಂಡು ತೆಗೆದು ನೀಲಿ ಬಟ್ಟೆಯ ಮೇಲೆ ಸುರಿದ.

“ಅದರೊಳಗೂ ಒಂಬತ್ತಿವೆ,” ಎಂದ. ಆಮೇಲೆ ಹೇಳಿದ. ಮುದುಕನ ಸಾಬೂನಿನ ಮಾತು, ಮೇಡಂ ನಕ್ಕದ್ದು, ಬೆನ್ನು ಬಿಚ್ಚಿದ್ದು, ಚೀಟಿಗೆ ಸಹಿ, ಎಲ್ಲ. ಹೇಳುವಾಗ ಅಕ್ಕನ ಮುಖ ನೋಡಲಾರದೆ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ನೋಡುತ್ತಿದ್ದ. ಯಾರದೋ ತೋಳು, ಯಾರದೋ ಭುಜ.

ಫೋನಿನೊಳಗಿನ ಹೆಂಗಸು ಇನ್ನೂ ಕಾಲರಿನ ಬಗ್ಗೆ ಮಾತಾಡುತ್ತಿದ್ದಳು. ಅಕ್ಕ ಅವಳ ಬಾಯಿ ಮುಚ್ಚಿಸಿದಳು.

“ನಂಗೋಸ್ಕರ ಮಾಡ್ದೆ ಅಂತ ಹೇಳ್ಬೇಡ.”

“ನಿನ್ನ ಕೈಗೆ ಅಂತಾನೇ...”

“ನನ್ನ ಕೈ!” ಅವಳು ಅದನ್ನು ಅವನ ಮುಖದ ಹತ್ತಿರ ತಂದಳು. “ಆವತ್ತು ಬಂದು ಗೆರೆ ಎಳ್ಕೊಂಡು ಹೋದ್ಯಲ್ಲ. ಅಕ್ಕಾ, ನಿಂಗೆ ಎಂಥ ಫೋನ್ ಬೇಕು ಅಂತ ಒಂದು ಮಾತು ಕೇಳಿದ್ಯಾ?”

“ಕೇಳಿದ್ರೆ ಏನಂತಿದ್ದೆ?”

“ದೊಡ್ಡದು ಅಂತಿದ್ದೆ. ಕನ್ನಡಕ ಹುಡುಕದೆ ಕಾಣೋ ಅಂಥದ್ದು. ಎರಡು ಕೈಲಿ ಹಿಡ್ಕೋತೀನಿ, ಇಲ್ಲಾ ಎಲ್ಲಾದ್ರೂ ಒರಗಿಸ್ಕೋತೀನಿ. ನಂಗೆ ಎರಡು ಕೈ ಇದೆ ಅನ್ನೋದನ್ನೇ ಮರೆತ್ಯಲ್ಲೋ.”

“ಹೋಗ್ಲಿ ಬಿಡೆ, ಹುಡುಗಾಟಕ್ಕೆ...” ಎಂದು ಭಾವ ಶುರು ಮಾಡಿದ.

“ನೀವು ಸುಮ್ನಿರಿ. ನಲವತ್ತು ಜನ ರೀ. ಕೊನೇ ಕುರ್ಚಿಯೋಳು ಈ ಕೆಲಸಕ್ಕೆ ಅಂತ ಮದುವೆ ಮುಂದಕ್ಕೆ ಹಾಕಿದ್ಲು. ನಾನು ಹಳೇ ಸಾಲು ಬಿಟ್ಟು ಬಂದೆ. ಅಲ್ಲಿದ್ದೋರೆಲ್ಲ ಇವತ್ತಿಗೂ ಅಲ್ಲೇ ಗಾಜು ಕೂರಿಸ್ತಿದಾರೆ.” ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಕೈ ಅಳೆದು ಕರೆದಾಗ ನಾನು ಎಷ್ಟು ಮೆರೆದೆ. ಬೀದೀಲಿ ಸಿಕ್ಕೋರಿಗೆಲ್ಲ ಕೈ ತೋರಿಸ್ಕೊಂಡು ಬಂದೆ. ಥೂ.”

ಮೇಸ್ತ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನೆಲ ಬಾಯಿಬಿಡಲಿಲ್ಲ, ಕೆಳಗಿನ ಮನೆಯವರ ಪಾತ್ರೆಯ ಸದ್ದು ಮಾತ್ರ ಮೇಲೆ ಬರುತ್ತಿತ್ತು.

“ನಾಳೆ ಏನಿದೆ ಆಫೀಸಲ್ಲಿ?” ಅಕ್ಕ ಕೇಳಿದಳು.

“ತೂಗ್ತಾರೆ. ಹತ್ತು ಗಂಟೆಗೆ. ತೂಕ ಸರಿ ಬಂದ್ರೆ ತಪ್ಪು ಮೇಡಂದು ಅಂತಾಗುತ್ತೆ.”

“ಅವರಿಗೆ ಗೊತ್ತಾ?”

“ಇಲ್ಲ.”

ಅಕ್ಕ ಬಟ್ಟೆಯ ಮೇಲಿನ ಗುಂಡುಗಳನ್ನು ಒಂದೊಂದಾಗಿ ಹೆಕ್ಕಿದಳು. ಆ ಬೆರಳುಗಳಿಗೆ ಅದು ಸಲೀಸಾದ ಕೆಲಸ, ಒಂದೂ ಉರುಳಿಹೋಗಲಿಲ್ಲ. ಎಲ್ಲವನ್ನೂ ಅವನ ಕೈಗೆ ಹಾಕಿ, ಮೇಲೆ ಮರದ ತುಂಡನ್ನೂ ಇಟ್ಟಳು.

“ತಗೊಂಡ್ಹೋಗು. ನಿಂದೇ ಅಲ್ವಾ. ಏನ್ ಮಾಡ್ತೀಯೋ ಮಾಡ್ಕೋ.”

ಬೈದಿದ್ದರೆ, ಹೊಡೆದಿದ್ದರೆ, ಅವನು ಅಲ್ಲಿಂದ ಎದ್ದು ಬರುತ್ತಿದ್ದ. ಆದರೆ ಅವಳು ಮತ್ತೆ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಬಾಗಿದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಏನಾದರೂ ಕೊಡದೆ ಆ ಬಾಗಿಲು ದಾಟಲಾರೆ ಎನಿಸಿತು. ಅಂಗಿಯ ಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಅವಳ ಮೊಣಕಾಲಿನ ಹತ್ತಿರ ಇಟ್ಟ.

“ಕೆಲಸದ ಕಾಗದ ಅಕ್ಕಾ. ಸೋಮವಾರದಿಂದ ನಮ್ಮ ಕೋಣೇಲಿ. ನನ್ನ ಪಕ್ಕದ ಮೇಜೇ ನಿಂಗೆ. ಉಜ್ಜಿ ನಯ ಮಾಡೋದು ಅಷ್ಟೇ, ಮೂಲೆಮೂಲೆಗೆ ಬೆರಳು ಹೋಗ್ಬೇಕು. ನಿನ್ನ ಕೈಗೆ ಹೇಳಿ ಮಾಡಿಸಿದ...” ಅಷ್ಟಕ್ಕೆ ತಾನೇ ತಡೆದ. “ಒಂದು ಸಹಿ ಹಾಕಿದ್ರೆ ಸಾಕು.”

ಭಾವ ಮುಂದೆ ಬಾಗಿ ಕಾಗದ ನೋಡಿದ. ಅವನ ಮುಖದಲ್ಲಿ ಏನೋ ಸಡಿಲಾಯಿತು. “ಒಳ್ಳೇದೇ ಆಯ್ತಲ್ಲ. ಆಗಿದ್ದು ಆಗ್ಹೋಯ್ತು. ಈ ಹೊಲಿಗೇಲಿ ಎಷ್ಟು ದಿನ ಅಂತ...”

ಅಕ್ಕ ಕಾಗದ ಎತ್ತಿಕೊಂಡು, ಕಣ್ಣಿನಿಂದ ದೂರ ಹಿಡಿದು, ಕೊನೆಯವರೆಗೂ ಓದಿದಳು. ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು.

“ಇದು ಯಾರದು?”

“ಮೇಡಂದು.”

“ಯಾವ ಮೇಡಂ?”

ಕೈಯೊಳಗಿನ ಸೀಸ ಬೆವರಿಗೆ ಜಾರುತ್ತಿತ್ತು, ಮೇಸ್ತ್ರಿ ಮುಷ್ಟಿ ಬಿಗಿಮಾಡಿದ.

ಅಕ್ಕ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಅವನ ಅಂಗಿಯ ಜೇಬಿಗೆ ವಾಪಸು ತುರುಕಿದಳು.

“ಬರಲ್ಲ.”

“ಅಕ್ಕಾ, ಒಂದು ದಿನ ಯೋಚ್ನೆ ಮಾಡಿ...”

“ಬರಲ್ಲ ಅಂದ್ನಲ್ಲ,” ಎಂದಳು ಅಕ್ಕ, ಕತ್ತರಿ ಎತ್ತಿಕೊಳ್ಳುತ್ತ.